ಬೆಂಕಿ ಬೇಡ ಎಂದು ಚೀಟಿಯಲ್ಲಿ ಇರಲಿಲ್ಲ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಮೃತಮ್ಮನ ಖಾನಾವಳಿ ಇದೆ. ಉಂಡು ಎದ್ದವರು ರೊಟ್ಟಿಯನ್ನು ಹೊಗಳುತ್ತಾರೆ, ಬದನೆಕಾಯಿ ಪಲ್ಯವನ್ನು ಹೊಗಳುತ್ತಾರೆ, ಗಲ್ಲಾದ ಹಿಂದೆ ವಿಭೂತಿ ಹಚ್ಚಿಕೊಂಡು ಕೂತ ಅಮೃತಮ್ಮನನ್ನೂ ಹೊಗಳುತ್ತಾರೆ. ಒಳಗೆ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುವವಳ ಹೆಸರೇನು ಎಂದು ಕೇಳಿದ ಪುಣ್ಯಾತ್ಮ ಮಾತ್ರ ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಅವಳ ಹೆಸರು ಸರೋಜಾ. ವನದುರ್ಗದ ಕಡೆಯ ಕುರಿ ಕಾಯುವವರ ಮಗಳು. ಮದುವೆಯಾಗಿ ಶಹಾಪುರಕ್ಕೆ ಬಂದ ಎರಡನೇ ವರ್ಷಕ್ಕೇ ಆ ಒಲೆಯ ಮುಂದೆ ಕೂತವಳು ಹದಿನಾಲ್ಕು ವರ್ಷ ಏಳಲಿಲ್ಲ. ದಿನಕ್ಕೆ ಇನ್ನೂರು ರೊಟ್ಟಿ, ಮದುವೆ ಕಾಲದಲ್ಲಿ ಮುನ್ನೂರು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ಅದು ಸುಡುತ್ತಿರುವಾಗಲೇ ನಾದಬೇಕು. ಆರಿದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಬಿರಿದ ರೊಟ್ಟಿಯನ್ನು ಗಿರಾಕಿ ಎತ್ತಿ ತೋರಿಸುತ್ತಾನೆ. ಹಾಗಾಗಿ ಸರೋಜಾ ಹದಿನಾಲ್ಕು ವರ್ಷ ಸುಡುವ ಹಿಟ್ಟನ್ನೇ ನಾದಿದಳು. ಅವಳ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋದವು. ರೇಷನ್ ಅಂಗಡಿಯ ಮಷೀನು ಅವಳ ಹೆಬ್ಬೆರಳನ್ನು ಒಪ್ಪದೆ ಕೆಂಪು ದೀಪ ಹೊತ್ತಿಸಿದಾಗಲೆಲ್ಲ ಅಂಗಡಿಯವನು, ಸರೋಜಾ, ನೀನು ಅದೀಯೋ ಇಲ್ಲೋ ಅಂತ ಸರಕಾರಕ್ಕ ಡೌಟ್ ಬಂದದ ಎಂದು ನಗಾಡುತ್ತಿದ್ದ. ಸಾಲಿನಲ್ಲಿದ್ದವರೂ ನಗುತ್ತಿದ್ದರು.

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಬೆರಳ ಗಂಟುಗಳು ಬಾತವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚುವುದಕ್ಕೇ ಒಂದು ತಾಸು. ಮಣಿಕಟ್ಟು ಊದಿಕೊಂಡು ಬಳೆಗಳನ್ನು ಒಡೆದೇ ತೆಗೆಯಬೇಕಾಯಿತು. ಗಂಡ ಇರುವಾಗಲೇ ಬಳೆ ಒಡೆದುಕೊಂಡಳು ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ನೋವಿನ ಬಗ್ಗೆ ಆ ಮುದುಕಿ ಒಂದು ಮಾತು ಕೇಳಲಿಲ್ಲ.

ಆಮೇಲೆ ಶುರುವಾಯಿತು ನಮ್ಮ ಊರುಗಳ ವೈದ್ಯ. ಡಾಕ್ಟರನಲ್ಲದ ಡಾಕ್ಟರನೊಬ್ಬ ವಾರಕ್ಕೊಂದು ಸೂಜಿ ಚುಚ್ಚಿದ. ನೋವು ಇಳಿಯಿತು, ಮುಖ ಕುಂಬಳಕಾಯಿಯಂತೆ ಬಾತಿತು. ಸುರಪುರದಿಂದ ಯಾರೋ ಪುಡಿಯ ಪೊಟ್ಟಣ ತರಿಸಿಕೊಟ್ಟರು. ಮೂರು ತಿಂಗಳು ನುಂಗಿ ರಕ್ತ ಕಾರಿದಳು. ಒಬ್ಬ ಎಣ್ಣೆ ಕೊಟ್ಟ, ಇನ್ನೊಬ್ಬ ಎಲೆಯ ರಸ ಕುಡಿಸಿದ. ಏನು ಕೊಡುತ್ತಿದ್ದೇವೆ ಎಂದು ಒಬ್ಬನೂ ಹೇಳಲಿಲ್ಲ, ಕೊಡಲೇ ಎಂದು ಕೇಳಲೂ ಇಲ್ಲ. ಏಳು ವರ್ಷ ಸರೋಜಾಳ ಮೈ ಸಂತೆಯಲ್ಲಿ ಬಿಚ್ಚಿಟ್ಟ ಅಂಗಡಿಯಂತಿತ್ತು. ಬಂದವರು ಕೈ ಹಾಕಿ ಹೋದರು.

ಒಂದು ದಿನ ವಕೀಲನೊಬ್ಬ ದಪ್ಪ ರೊಟ್ಟಿಯನ್ನು ಎತ್ತಿ ಹಿಡಿದು, ಅಮೃತಕ್ಕಾ, ಇದನ್ನ ತಿನ್ನಬೇಕೋ ಇದರ ಮ್ಯಾಲ ಕೂರಬೇಕೋ ಎಂದ. ಅವತ್ತಿನಿಂದ ಸರೋಜಾಳಿಗೆ ಉಳ್ಳಾಗಡ್ಡಿ ಸುಲಿಯುವ ಕೆಲಸ. ತಿಂಗಳಾದ ಮೇಲೆ ಅದೂ ಇಲ್ಲ. ಅಮೃತಮ್ಮ ಅವಳ ತಲೆ ಸವರಿ ಹೇಳಿದಳು: “ಕೈ ನೆಟ್ಟಗ ಮಾಡ್ಕೊಂಡು ಬಾ ಯವ್ವಾ. ನಿನ್ನ ಜಾಗ ಎಲ್ಲಿ ಹೋಗ್ತದ, ನಿಂದೇ ಅದ.” ಮರುದಿನ ಬೆಳಿಗ್ಗೆ ಆ ಜಾಗದಲ್ಲಿ ಬೇರೆ ಹೆಂಗಸು ಕೂತಿದ್ದಳು. ಅದು ಗೊತ್ತಿದ್ದೂ ಸರೋಜಾ, ನಿನ್ನ ಜಾಗ ನಿಂದೇ ಎಂಬ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಇಟ್ಟುಕೊಂಡಳು. ಕೈ ನೆಟ್ಟಗಾಗಬೇಕು, ಆ ಒಲೆಯ ಮುಂದೆ ಹೋಗಿ ಕೂರಬೇಕು. ಅದೊಂದೇ ಅವಳಿಗೆ ಬೇಕಾದದ್ದು.

ಗಂಡ ದೇವಿಂದ್ರಪ್ಪ ಕಡೇಚೂರಿನ ಫ್ಯಾಕ್ಟರಿಯಲ್ಲಿ ಹಮಾಲಿ. ವಾರಕ್ಕೊಮ್ಮೆ ಮನೆಗೆ ಬರುವಾಗ ಅಮೃತಮ್ಮನ ಖಾನಾವಳಿಯಿಂದಲೇ ಹತ್ತು ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ. ಪೇಪರು ಬಿಚ್ಚಿ ಹೆಂಡತಿಯ ಮುಂದಿಟ್ಟು, ಹೊಸಾಕಿ ಕೈ ಭಾರಿ ಹಗೂರ ಅದ ನೋಡು ಎನ್ನುತ್ತಿದ್ದ. ಅವನು ಹೊಡೆಯುವವನಲ್ಲ. ಹೊಡೆಯುವವನಾಗಿದ್ದರೆ ಕನಿಷ್ಠ ಅಕ್ಕಪಕ್ಕದವರಾದರೂ ಬರುತ್ತಿದ್ದರು.

ಅವಳ ಕಾಯಿಲೆಗೆ ಸರಿಯಾದ ಹೆಸರು ಹೇಳಿದವಳು ಯಾದಗಿರಿಯ ಡಾಕ್ಟರು ಉಮಾಶ್ರೀ. ಇದು ಸಂಧಿವಾತ, ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಗಂಟುಗಳನ್ನು ಕಡಿಯುವ ರೋಗ ಎಂದು ಬಿಡಿಸಿ ಹೇಳಿದಳು. ಎರಡು ವರ್ಷ ಕೊಟ್ಟ ಗುಳಿಗೆ ಅರ್ಧ ಹಿಡಿಯಿತು, ಅರ್ಧ ಹಿಡಿಯಲಿಲ್ಲ. ಆಮೇಲೆ ಒಂದು ದಿನ ಕೂರಿಸಿಕೊಂಡು ಹೊಸ ಸುದ್ದಿ ಹೇಳಿದಳು. ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯನ್ನು ಪರೀಕ್ಷೆ ಮಾಡುತ್ತಿದ್ದಾರೆ. ಕುತ್ತಿಗೆಯಲ್ಲಿ ನರದ ಪಕ್ಕ ಒಂದು ಸಣ್ಣ ಯಂತ್ರ ಕೂರಿಸುತ್ತಾರೆ. ಅದು ನರವನ್ನು ಮಿಡಿಸಿ ಉರಿಯೂತ ಇಳಿಸಬಹುದು, ಇಳಿಸದೆಯೂ ಇರಬಹುದು. ನಮ್ಮ ಕಡೆಯಿಂದ ಹನ್ನೆರಡು ಜನ ಬೇಕಾಗಿದ್ದಾರೆ. ಆಯ್ಕೆ ಹೈದರಾಬಾದಿನಲ್ಲಿ. ಹೋಗಿಬರುವ ಖರ್ಚೆಲ್ಲ ಅವರದೇ. ಆದರೆ ಎಲ್ಲರಿಗೂ ಯಂತ್ರ ಕೂರಿಸಿದರೂ ಅರ್ಧ ಜನರದ್ದು ಮಾತ್ರ ಚಾಲೂ ಮಾಡುತ್ತಾರೆ, ಉಳಿದವರದ್ದು ಬಂದ್ ಇರುತ್ತದೆ. ಯಾರದ್ದು ಚಾಲೂ ಎಂದು ಆರು ತಿಂಗಳು ಯಾರಿಗೂ ಹೇಳುವುದಿಲ್ಲ.

ಸರೋಜಾ, ಬಂದ್ ಇದ್ದವರು ಆಮೇಲೆ ಏನು ಮಾಡಬೇಕು ಎಂದು ಕೇಳಿದಳು. ಆರು ತಿಂಗಳ ಮೇಲೆ ಅವರದ್ದೂ ಚಾಲೂ ಮಾಡುತ್ತಾರೆ ಎಂದಳು ಉಮಾಶ್ರೀ. ಒಂಬತ್ತು ವರ್ಷ ಕಾದವಳಿಗೆ ಆರು ತಿಂಗಳು ಏನು ಮಹಾ?

ಮನೆಯಲ್ಲಿ ದೇವಿಂದ್ರಪ್ಪ ಸಿಟ್ಟಿನಲ್ಲಿ ಕುಣಿದಾಡಿದ. ಹೆಂಡತಿ ವಿಮಾನ ಹತ್ತುತ್ತಾಳೆ ಎಂಬುದು ಅವನಿಗೆ ನುಂಗಲಾರದ ತುತ್ತು.

“ಕುರಿ ಮ್ಯಾಲ ಮದ್ದು ನೋಡಿದಂಗ ನಿನ್ನ ಮ್ಯಾಲ ನೋಡ್ತಾರ. ಸತ್ರ ಹೆಣಾನೂ ಕಳಸೂದಿಲ್ಲ.”

“ಇಲ್ಲಿ ಏಳು ವರ್ಷ ನೋಡಿದ್ರಲ್ಲ, ಅವರೇನು ನನ್ನ ಕೇಳಿ ನೋಡ್ಯಾರೇನು?” ಎಂದಳು ಸರೋಜಾ. “ಜರ್ಮನಿಯೋರು ಇಪ್ಪತ್ತೆರಡು ಹಾಳಿ ಓದಿ ಹೇಳಿ, ಆಮ್ಯಾಲ ಸಹಿ ಕೇಳ್ತಾರಂತ. ನೀ ಮದಿವಿಗಿ ಸೈತ ನನ್ನ ಕೇಳಿದ್ದಿಲ್ಲ.”

ಅವನು ಅಂಗಿ ಕೊಡವಿಕೊಂಡು ಹೊರಗೆ ಹೋದ. ಮೂರು ದಿನ ಬಿಟ್ಟು, ಪರದೇಶಕ್ಕೆ ಹೋಗುವವಳ ಗಂಡ ಎಂದು ಫ್ಯಾಕ್ಟರಿಯಲ್ಲಿ ಯಾರೋ ಚಹಾ ಕುಡಿಸಿದ ಮೇಲೆ ಒಪ್ಪಿದ. ಪಾಸ್‌ಪೋರ್ಟಿಗೆ ಬೆರಳು ಕೊಡುವಾಗ ಅಲ್ಲಿಯ ಮಷೀನೂ ಗೊಣಗಿತು. ಏಳನೆಯ ಸಲಕ್ಕೆ ಹೇಗೋ ಒಪ್ಪಿತು. ನೀಲಿ ಪುಸ್ತಕ ಮನೆಗೆ ಬಂತು.

ಉಳಿದದ್ದು ಒಂದೇ ಕಟ್ಟಳೆ. ಆಯ್ಕೆಗೆ ಹೋಗುವ ಮುಂಚೆ ನಾಲ್ಕು ವಾರ ಯಾವ ಔಷಧಿಯೂ ಮೈಗೆ ಸೇರಬಾರದು, ರಕ್ತ ಶುದ್ಧವಾಗಿರಬೇಕು. ಉಮಾಶ್ರೀ ಅದನ್ನು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟಳು: ಗುಳಿಗೆ ಬೇಡ, ಸೂಜಿ ಬೇಡ, ಪುಡಿ ಬೇಡ, ಎಣ್ಣೆ ಬೇಡ, ಎಲೆ ರಸ ಬೇಡ. ತಾಳಲಾರದಷ್ಟು ನೋವಾದರೆ ಫೋನ್ ಮಾಡು ಎಂದೂ ಹೇಳಿದಳು. ಏಳನೇ ಇಯತ್ತೆ ಕಲಿತಿದ್ದ ಸರೋಜಾ ಚೀಟಿಯನ್ನು ಅಕ್ಷರ ಬಿಡದೆ ಓದಿ, ಅಡುಗೆಮನೆಯ ಗೋಡೆಗೆ ಅನ್ನದ ಅಗುಳು ಹಚ್ಚಿ ಅಂಟಿಸಿದಳು.

ಮೊದಲ ವಾರ ಹೇಗೋ ಕಳೆಯಿತು. ಎರಡನೆಯ ವಾರಕ್ಕೆ ನೋವು ಬಾಗಿಲು ಮುರಿದು ಬಂತು. ಚರಿಗೆ ಎತ್ತಲಾಗದು, ಕುಪ್ಪಸದ ಗುಂಡಿ ಹಾಕಲಾಗದು, ಹೊದಿಕೆಯ ಅಂಚು ಬೆರಳಿಗೆ ತಾಗಿದರೆ ಚೀರುವಂತಾಗುವುದು. ಚೀರಲಿಲ್ಲ. ಫೋನೂ ಮಾಡಲಿಲ್ಲ; ಮಾಡಿದರೆ ಗುಳಿಗೆ ತಗೋ ಎಂದಾರು, ಗುಳಿಗೆ ತಗೊಂಡರೆ ಹೆಸರು ಹೊಡೆದುಹಾಕಿಯಾರು ಎಂಬ ಅಂಜಿಕೆ. ತಾಯಿ ಮಲಕಮ್ಮ ವನದುರ್ಗದಿಂದ ಬಂದು ಮಗಳಿಗೆ ಕೂಸಿಗೆ ತಿನ್ನಿಸಿದಂತೆ ತಿನ್ನಿಸಿದಳು. ಮೂವತ್ತೆಂಟು ವರ್ಷದ ಮಗಳ ಮೂಗು ಒರೆಸಿದಳು. ದೇವಿಂದ್ರಪ್ಪ ಆ ವಾರ ಬಂದವನು ರೊಟ್ಟಿಯ ಪೊಟ್ಟಣ ಇಟ್ಟು, ಜರ್ಮನಿಯೋರು ಇಂಥಾಕಿನ್ನ ಒಯ್ದು ಏನು ಮಾಡ್ತಾರ ಎಂದು ಕೇಳಿ ಹೋದ.

ಹೈದರಾಬಾದಿಗೆ ಒಂಬತ್ತು ದಿನ ಉಳಿದಿದ್ದಾಗ ಮಲಕಮ್ಮ ತನ್ನ ತಮ್ಮ ಅಂಬ್ರಪ್ಪನನ್ನು ಕರೆಸಿದಳು. ಆ ಸೀಮೆಯಲ್ಲಿ ಅಂಬ್ರಪ್ಪನ ಕೈ ಹೆಸರಾದದ್ದು. ಕುಂಟುವ ಕುರಿಯ ಗಂಟಿಗೆ ಕಾಸಿದ ಕಬ್ಬಿಣದಿಂದ ಚುಟಿಗಿ ಹಾಕಿದರೆ, ಅಂದರೆ ಬರೆ ಎಳೆದರೆ, ಅದು ಎದ್ದು ನಡೆಯುತ್ತದೆ. ಕುರಿಗೆ ಎಳೆದ ಕೈ ಮನುಷ್ಯರಿಗೂ ಎಳೆಯುತ್ತಿತ್ತು. ಸೊಂಟ ಹಿಡಿದವರು, ಹೊಟ್ಟೆ ಬಾತ ಎಳೆಗೂಸುಗಳು, ಎಲ್ಲರಿಗೂ ಅದೇ ಕಬ್ಬಿಣ. ಇದನ್ನು ಕಂಡೂ ಕಾಣದವರಂತೆ ಇರುವುದನ್ನು ನಮ್ಮ ಓದಿದವರು ಸಂಸ್ಕೃತಿಗೆ ಕೊಡುವ ಗೌರವ ಎಂದುಕೊಂಡಿದ್ದಾರೆ.

ಮಧ್ಯಾಹ್ನದ ಬಿಸಿಲಿನಲ್ಲಿ ಅಂಬ್ರಪ್ಪ ಬಂದು ಅಕ್ಕನ ಮಗಳ ಕೈ ನೋಡಿದ. ಗೋಡೆಯ ಚೀಟಿ ನೋಡಿದ. ಅವನಿಗೆ ಓದು ಬರದು.

“ಓದು ನೋಡೋಣ, ಏನೇನು ಬ್ಯಾಡಂದಾರ.”

ಸರೋಜಾ ಓದಿದಳು. ಗುಳಿಗೆ, ಸೂಜಿ, ಪುಡಿ, ಎಣ್ಣೆ, ಎಲೆ ರಸ.

“ಚುಟಿಗಿ ಅಂತ ಎಲ್ಲ್ಯಾರ ಬರದದೇನು?”

ಅವಳು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದಳು. ಚೀಟಿಯ ಬೆನ್ನಿನಲ್ಲೇನಾದರೂ ಇದೆಯೋ ಎಂದು ತಾಯಿಗೆ ಹೇಳಿ ಅಂಚು ಬಿಡಿಸಿ ನೋಡಿಸಿದಳು. ಇರಲಿಲ್ಲ.

“ಬರದಿಲ್ಲ, ಮಾವ.”

“ಮತ್ತ? ಬೆಂಕಿ ಏನು ಹೊಟ್ಟ್ಯಾಗ ಹೋಗೂದನು? ರಕ್ತದಾಗ ಕೂಡೂದನು? ಹೊರಗಿಂದ ಹೊರಗ ನೋವು ಸುಟ್ಟು ಬರ್ತದ.”

ಅವಳನ್ನು ಯಾರೂ ಹಿಡಿದು ಕೂರಿಸಲಿಲ್ಲ, ಬಾಯಿಗೆ ಬಟ್ಟೆ ತುರುಕಲಿಲ್ಲ. ಕಟ್ಟಳೆ ಮುರಿಯಬಾರದು ಎಂದು ಹತ್ತೊಂಬತ್ತು ದಿನ ಹಲ್ಲು ಕಚ್ಚಿದ ಹೆಂಗಸು, ಕಟ್ಟಳೆಯ ಪ್ರತಿ ಅಕ್ಷರವನ್ನೂ ಪಾಲಿಸಿ, ಎರಡೂ ಕೈಗಳನ್ನು ತಾನಾಗಿಯೇ ಮುಂದೆ ಚಾಚಿದಳು. ಅಂಬ್ರಪ್ಪ ಕುಡುಗೋಲಿನ ತುದಿಯನ್ನು ಕೆಂಪಗೆ ಕಾಸಿ ಮಣಿಕಟ್ಟಿಗೆ ಮೂರು ಮೂರು, ಗಂಟಿಗೊಂದೊಂದು ಎಳೆದ. ಮಲಕಮ್ಮ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳಷ್ಟು ಪ್ರೀತಿಯಿಂದ ಆ ಮನೆಯಲ್ಲಿ ಯಾರೂ ಸರೋಜಾಳನ್ನು ಮುಟ್ಟಿರಲಿಲ್ಲ. ಸುಟ್ಟ ವಾಸನೆ ಓಣಿಗೆಲ್ಲ ಹೋಯಿತು.

ಎಲ್ಲಕ್ಕಿಂತ ಕ್ರೂರವಾದದ್ದು ಇದು: ಎರಡು ದಿನ ನೋವು ಕಡಿಮೆಯಾಯಿತು. ಸುಟ್ಟ ಉರಿ ಒಳಗಿನ ನೋವನ್ನು ಮುಚ್ಚಿಹಾಕಿತ್ತು. ಸರೋಜಾ ಚಹಾದ ಲೋಟ ಹಿಡಿದಳು. ಮಲಕಮ್ಮ ನಾಲ್ಕು ಮನೆಗೆ ಹೋಗಿ ಸಾರಿ ಬಂದಳು, ಇನ್ನು ಜರ್ಮನಿಯೂ ಯಾಕೆ ಬೇಕು ಎಂದಳು. ಐದನೆಯ ದಿನಕ್ಕೆ ಗಾಯಗಳಲ್ಲಿ ಕೀವು ತುಂಬಿತು.

ಕೈಗೆ ಒಗೆದ ಬಿಳಿ ಬಟ್ಟೆ ಸುತ್ತಿಕೊಂಡು, ಯಾದಗಿರಿಯಿಂದ ರೈಲು ಹತ್ತಿ ಗಂಡನ ಜೊತೆ ಹೈದರಾಬಾದಿಗೆ ಹೋದಳು. ಅಲ್ಲಿ ಜರ್ಮನಿಯಿಂದ ಬಂದ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, ಮತ್ತೆ ಮುಚ್ಚಿದ. ಪಕ್ಕದಲ್ಲಿದ್ದ ಕನ್ನಡ ಬಲ್ಲ ಹುಡುಗಿ ಮೆತ್ತಗೆ ತಿಳಿಸಿದಳು: ಕೀವಾದ ಗಾಯ ಇರುವವರ ಕುತ್ತಿಗೆ ಕೊಯ್ಯಲು ಬರುವುದಿಲ್ಲ, ಸೋಂಕು ಯಂತ್ರಕ್ಕೆ ಹತ್ತುತ್ತದೆ, ಜೀವಕ್ಕೇ ಅಪಾಯ. ಮಾಯ್ದ ಮೇಲೆ ಬರುತ್ತೇನೆ ಎಂದಳು ಸರೋಜಾ. ಅಷ್ಟರಲ್ಲಿ ಹನ್ನೆರಡು ಜನ ತುಂಬಿರುತ್ತಾರೆ ಎಂದಳು ಹುಡುಗಿ.

ಡಾಕ್ಟರಿಗೆ ಇನ್ನೊಂದು ಕೆಲಸವಿತ್ತು. ಆ ಕೈಗಳ ಫೋಟೋ ಬೇಕಿತ್ತು, ಪಾಠಕ್ಕೆ. ಒಪ್ಪಿಗೆಗೆ ಒಂದು ಹಾಳೆ. ಸರೋಜಾಳಿಗೆ ಪೆನ್ನು ಹಿಡಿಯಲು ಬರಲಿಲ್ಲ. ಹೆಬ್ಬೆಟ್ಟು ಒತ್ತಿಸಿದರು. ಹಾಳೆಯ ಮೇಲೆ ಗೆರೆಯಿಲ್ಲದ ನೀಲಿ ಮಚ್ಚೆಯೊಂದು ಮೂಡಿತು. ಇಪ್ಪತ್ತೆರಡು ಹಾಳೆ ಓದಿಸಿಕೊಳ್ಳಲು ಹೋದವಳನ್ನು ಒಂದು ಹಾಳೆಯಲ್ಲಿ ಮುಗಿಸಿ ಕಳಿಸಿದರು. ದೇವಿಂದ್ರಪ್ಪ ಹಿಂತಿರುಗುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಹೋದ.

ಯಾದಗಿರಿಯಲ್ಲಿ ಉಮಾಶ್ರೀ ಬಟ್ಟೆ ಬಿಚ್ಚಿ ಗಾಯ ನೋಡಿದಳು. ನಾನು ಎಲ್ಲಾ ಬರೆದುಕೊಟ್ಟಿದ್ದೆನಲ್ಲ ಎಂದಳು.

“ಬರದಿದ್ರಿ ಮೇಡಮ್ಮರ,” ಎಂದಳು ಸರೋಜಾ. “ನಾನೂ ಎಲ್ಲಾ ಓದಿದ್ದೆರಿ.”

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಗುಳಿಗೆ ಮತ್ತೆ ಶುರುವಾಯಿತು. ಆದರೆ ಮದ್ದಿಲ್ಲದ ಆ ವಾರಗಳಲ್ಲಿ ಸೊಟ್ಟಗಾದ ಎರಡು ಬೆರಳು ಹಾಗೇ ಉಳಿದವು. ಅಮೃತಮ್ಮನ ಖಾನಾವಳಿಗೆ ಒಂದು ದಿನ ಹೋಗಿ ಬಾಗಿಲಲ್ಲಿ ನಿಂತಳು. ಅಮೃತಮ್ಮ ಕೈ ನೋಡಿ, ಊಟದ ಹೊತ್ತಿನಲ್ಲಿ ಮುಂಬಾಗಿಲಿಗೆ ಬರಬೇಡ, ಗಿರಾಕಿಗಳಿಗೆ ಹೇಸಿಗೆಯಾಗುತ್ತದೆ ಎಂದು ಒಳ್ಳೆಯ ಮಾತಿನಲ್ಲೇ ಹೇಳಿ, ಎರಡು ರೊಟ್ಟಿ ಕಟ್ಟಿಕೊಟ್ಟಳು.

ಮಳೆಗಾಲದಲ್ಲಿ ಗುಳಿಗೆಗೆಂದು ಯಾದಗಿರಿಗೆ ಹೋದಾಗ ಉಮಾಶ್ರೀ, ನೋಡುತ್ತೀಯಾ ಎಂದು ಕೇಳಿ ಮೊಬೈಲು ಮುಂದೆ ಹಿಡಿದಳು. ಜರ್ಮನಿಯಲ್ಲಿ ದೊಡ್ಡ ಡಾಕ್ಟರುಗಳ ಸಭೆ ನಡೆದಿತ್ತಂತೆ. ಪರದೆಯ ತುಂಬ ಎರಡು ಕೈ. ಮುಖ ಇಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು.

“ಏನಂತ ಬರದಾರ್ರಿ?”

ಉಮಾಶ್ರೀ ತಡೆದು ತಡೆದು ಓದಿದಳು. ಹೆಂಗಸು, ಮೂವತ್ತೆಂಟು, ಭಾರತದ ಹಳ್ಳಿಗಾಡು, ಮೂಢ ಪದ್ಧತಿಯಿಂದಾದ ಸುಟ್ಟ ಗಾಯ.

“ರೊಟ್ಟಿ ಬಡೀತಿದ್ದಳು ಅಂತ ಬರದಿಲ್ಲೇನ್ರಿ?”

“ಇಲ್ಲ, ಸರೋಜಾ.”

ಅವಳು ಆ ಫೋಟೋವನ್ನು ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಗುಳಿಗೆಯ ಚೀಲವನ್ನು ಎರಡು ಮಣಿಕಟ್ಟುಗಳ ನಡುವೆ ಒತ್ತಿ ಎತ್ತಿಕೊಂಡು, ಬಾಗಿಲನ್ನು ಭುಜದಿಂದ ದೂಡಿ ಹೊರಗೆ ನಡೆದಳು.