ಹುಳುಮನೆಯ ಬಾಗಿಲು

ರೇಷ್ಮೆ ಹುಳು ಸಾಕುವ ಮನೆಗೆ, ಸಾತನೂರಿನ ಹತ್ತಿರದ ಹಳ್ಳಿಗೆ, ಸೊಸೆಯಾಗಿ ಬಂದ ನನಗೆ ಅತ್ತೆ ಮೊದಲು ಕಲಿಸಿದ್ದು ಅಡುಗೆಯಲ್ಲ, ಹುಳುಮನೆಗೆ ಹೋಗುವ ರೀತಿ. ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು, ಹೊರಗಿನವರನ್ನು ಹೊಸಿಲು ದಾಟಿಸಬಾರದು. ಒಂದು ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆ ಹೋಯಿತು. ಈ ಮನೆಯಲ್ಲಿ ಹುಳುಗಳಿಗಿರುವ ಮರ್ಯಾದೆ ನನಗಿಲ್ಲ ಎಂದು ಗಂಡನನ್ನು ಕಾಡಿಸುತ್ತಿದ್ದೆ.

ಕೊರೊನಾ ಎರಡನೇ ಸಲ ಬಂದಾಗ ನನಗೆ ಏಳು ತಿಂಗಳು. ಬಳೆ ತೊಡಿಸುವ ಶಾಸ್ತ್ರ ಬಿಡುವುದು ಬೇಡ, ಮನೆಮಟ್ಟಿಗೆ ಮಾಡೋಣ ಎಂದರು ಮನೆಯ ಹಿರಿಯರು. ಮನೆಮಟ್ಟಿಗೆ ಎಂದರೆ ನಮ್ಮಲ್ಲಿ ಅರ್ಧ ಊರು. ಚನ್ನಪಟ್ಟಣದಿಂದ ಅತ್ತೆಯ ತಂಗಿಯೂ ಬಂದರು. ಅವರಿಗೆ ಸ್ವಲ್ಪ ಕೆಮ್ಮಿತ್ತು. ಬಂದವರೇ ಹುಳು ನೋಡಲು ಹೊರಟಾಗ ಅತ್ತೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತರು.

“ಕೆಮ್ಕಂಡು ಒಳಿಕೆ ಬರ್ಬ್ಯಾಡ ಕಣೆ. ಹುಳ ಗೂಡು ಕಟ್ಟೊ ಟೈಮು. ಸೊಸೆ ಮನೇಲವ್ಳೆ, ಹೋಗಿ ಮಾತಾಡ್ಸು.”

ಅವರು ನೇರ ನನ್ನ ಬಳಿಗೆ ಬಂದರು. ಕೆನ್ನೆಗೆ ಅರಿಸಿನ ಹಚ್ಚಿದರು, ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿದರು, ಮುಖದ ಹತ್ತಿರ ಮುಖ ತಂದು ಬಾಯಿಗೆ ಸಿಹಿ ಇಟ್ಟರು. ಪ್ರೀತಿಗೆ ಒಂದಿಷ್ಟೂ ಕೊರತೆ ಇರಲಿಲ್ಲ.

ವಾರದೊಳಗೆ ನನಗೆ ಜ್ವರ ಬಂತು, ಆಮೇಲೆ ಉಸಿರು ಕಟ್ಟತೊಡಗಿತು. ಕನಕಪುರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಮುಂಚೆ ನರ್ಸ್ ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ತೆಗೆದಳು. ನಾನು ಉಳಿದೆ. ಹೊಟ್ಟೆಯೊಳಗಿನ ಒದೆತ ಒಂದು ಬೆಳಿಗ್ಗೆ ನಿಂತುಹೋಯಿತು. ತಾಯಿಯಿಂದ ಮಗುವಿಗೆ ಆಹಾರ, ಉಸಿರು ಒಯ್ಯುವ ಮಾಸನ್ನೇ ಈ ಕಾಯಿಲೆ ಕೆಡಿಸುವುದುಂಟು ಎಂದರು ಡಾಕ್ಟರು. ಹೆಣ್ಣು ಮಗು. ತಲೆತುಂಬ ಕೂದಲಿತ್ತು. ಅದನ್ನು ಸವರಿದ್ದು ಈಗಲೂ ನನ್ನ ಬೆರಳಿಗೆ ನೆನಪಿದೆ.

ನಾನು ಮನೆಗೆ ಬರುವಷ್ಟರಲ್ಲಿ ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿತ್ತು. ಒಂದು ಹುಳುವಿಗೂ ರೋಗ ಬಂದಿರಲಿಲ್ಲ, ಅಂಥ ಬೆಳೆ ಯಾವತ್ತೂ ಕಂಡಿಲ್ಲ ಎಂದು ನನ್ನನ್ನು ನೋಡಲು ಬಂದ ಯಾರೋ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಅತ್ತೆ ಖಾಲಿ ಹುಳುಮನೆ ತೊಳೆಯುತ್ತಿದ್ದರು. ನಾನು ಕಾಲು ಅದ್ದದೆ, ಚಪ್ಪಲಿ ಸಮೇತ ಒಳಗೆ ನಡೆದೆ. ಬೈಯಲಿ ಎಂದೇ ನಡೆದೆ. ಅವರು ಬೈಯಲಿಲ್ಲ. ಪೊರಕೆ ಕೆಳಗಿಟ್ಟು ನನ್ನ ಬರಿಗೈ ಹಿಡಿದುಕೊಂಡರು.

“ನಿನ್ ಬಾಗ್ಲಿಗೂ ಅಡ್ಡ ನಿಂತ್ಕಬೇಕಾಗಿತ್ತು ಕಣವ್ವ.”

“ಹೂಂ ಅತ್ತೆ,” ಎಂದೆ. ನಿಮ್ಮ ತಪ್ಪಲ್ಲ ಎನ್ನಲು ಬಾಯಿ ಬರಲಿಲ್ಲ.