ದನಿ ಒಡೆಸಿದ ಆರು ಇಂಜೆಕ್ಷನ್

1998ರಲ್ಲಿ ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ. ಹೊರರೋಗಿಗಳ ಚೀಟಿಯಲ್ಲಿ ರೋಗಿಯ ದೂರಿಗೆಂದು ಒಂದು ಗೆರೆ ಜಾಗವಿತ್ತು. ಹೆಂಗಸು ಬಂದರೆ ಗಂಡ, ಮಕ್ಕಳು ಬಂದರೆ ಅಪ್ಪ ಹೇಳಿದ್ದನ್ನು ಅಲ್ಲಿ ಗೀಚುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು.

ಹಂಪಾಪುರದ ಕಡೆಯ ರೈತ ಶಿವಣ್ಣ ತನ್ನ ಹದಿನಾರರ ಮಗ ಮಹದೇವನನ್ನು ಕರೆತಂದ. ಮದುವೆಮನೆಗಳಲ್ಲಿ ಹೆಂಗಸರ ಜೊತೆ ಕೂತು ಸೋಬಾನೆ ಹಾಡುತ್ತಾನಂತೆ. ತಾನು ಹೆಣ್ಣು, ಮಾದೇವಿ ಅಂತ ಕರೆ ಎಂದು ತಂಗಿಗೆ ಹೇಳಿಕೊಟ್ಟಿದ್ದಾನಂತೆ. ಮೀಸೆ ಮೂಡಿಲ್ಲ, ದನಿ ಒಡೆದಿಲ್ಲ.

"ಊರಲ್ಲಿ ತಲೆ ಎತ್ತಂಗಿಲ್ಲ ಸಾ. ಗಂಡಸಾಗಂಗೆ ಒಂದು ಸೂಜಿ ಆಕ್ಬುಡಿ," ಎಂದ ಶಿವಣ್ಣ.

ಮಗು ಏನೋ ಹೇಳಲು ಬಾಯಿ ತೆರೆಯಿತು. "ಸುಮ್ನಿರಪ್ಪ, ನಿಮ್ಮಪ್ಪ ಹೇಳ್ತಿದ್ದಾರಲ್ಲ," ಎಂದವನು ನಾನೇ.

ಪರೀಕ್ಷಿಸಿದೆ. ಕಾಯಿಲೆ ಏನೂ ಇರಲಿಲ್ಲ, ಪ್ರಾಯ ಸ್ವಲ್ಪ ನಿಧಾನವಾಗಿತ್ತು ಅಷ್ಟೆ. ಕಾಯಬಹುದಿತ್ತು, ಮೈಸೂರಿನ ಮನೋವೈದ್ಯರ ಬಳಿ ಕಳಿಸಬಹುದಿತ್ತು. ನಾನು ಟೆಸ್ಟೋಸ್ಟಿರೋನ್, ಅಂದರೆ ಗಂಡಿನ ಹಾರ್ಮೋನು, ಬರೆದೆ. ಮೂರು ವಾರಕ್ಕೊಂದರಂತೆ ಆರು ಇಂಜೆಕ್ಷನ್.

ಎರಡನೆಯ ಸಲ ಮಗು ಕೊಸರಾಡಿತು. ಅಪ್ಪ ಭುಜ ಅದುಮಿದ, ಕಾಂಪೌಂಡರ್ ಕಾಲು ಹಿಡಿದ. ಇವನ ಮದುವೆ ಊಟಕ್ಕೆ ನನ್ನನ್ನೂ ಕರೆಯಬೇಕು ಎಂದು ನಾನು ತಮಾಷೆ ಮಾಡಿದೆ, ಮೂವರೂ ನಕ್ಕೆವು. ನಾಲ್ಕನೆಯ ಸಲಕ್ಕೆ ಕೊಸರಾಟವಿರಲಿಲ್ಲ. ಚೀಟಿಯಲ್ಲಿ 'ಸುಧಾರಣೆ' ಎಂದು ಬರೆದೆ.

ಆರೂ ಮುಗಿದು ಕೆಲವು ತಿಂಗಳ ಮೇಲೆ ಮಾದೇವಿ ಒಬ್ಬಳೇ ಬಂದಳು. ಮೂಡಿದ ಗಡ್ಡವನ್ನು ಬ್ಲೇಡಿನಿಂದ ಕೆರೆದುಕೊಂಡು ಗಲ್ಲದ ತುಂಬ ಗಾಯ. ಉಳಿದ ರೋಗಿಗಳೆಲ್ಲ ಹೋಗುವ ತನಕ ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ ಈಗ ಒಡೆದಿದ್ದ ಗೊಗ್ಗರು ದನಿಯಲ್ಲಿ ಕೇಳಿದಳು: "ಸಾ, ಇದನ್ನ ವಾಪಸ್ ತಗಿಯೋ ಸೂಜಿ ಐತಾ?"

ಇಲ್ಲ ಎಂದೆ. ಒಡೆದ ದನಿಯನ್ನು ಯಾವ ಇಂಜೆಕ್ಷನ್ನೂ ಮೊದಲಿನಂತೆ ಮಾಡುವುದಿಲ್ಲ.

"ಅಂಗಾರೆ ಆಕೋಕ್ ಮುಂಚೆ ನನ್ನೊಂದು ಮಾತು ಕೇಳ್ಬೇಕಿತ್ತಲ್ವಾ ಸಾ?"

ಉತ್ತರಕ್ಕೆ ಕಾಯದೆ ಹೊರಟಳು. ಮತ್ತೆ ಆ ಊರಿನವರು ಯಾರೂ ಅವಳನ್ನು ನೋಡಲಿಲ್ಲ. ಕಾಣೆಯಾದಳೆಂದು ಹೇಳಲು ಬಂದ ಶಿವಣ್ಣ, ಹೋಗುವಾಗ ನನಗೇ ಕೈಮುಗಿದ. ನಾಚಿಕೆಯಿಂದ ಸತ್ತೇಹೋದೆ.

ಇಂಥ ಎಳೆಯರಿಗೆ ಹಾರ್ಮೋನು ಕೊಡಬೇಕೆ, ಬೇಡವೆ, ಆ ವಯಸ್ಸಿಗೆ ತನ್ನ ಮನಸ್ಸು ತನಗೆ ಗೊತ್ತಿರುತ್ತದೆಯೆ ಎಂದು ವೈದ್ಯರು ಆಮೇಲೆ ಜೋರಾಗಿ ವಾದ ಮಾಡುವುದನ್ನು ಕೇಳಿದ್ದೇನೆ. ಅವಸರ ಬೇಡ ಎನ್ನುವವರ ಮಾತಲ್ಲೂ ಹುರುಳಿದೆ, ಮಗುವಿನ ಮಾತು ಕೇಳಿ ಎನ್ನುವವರದರಲ್ಲೂ ಇದೆ. ನಾನು ಅವಸರವನ್ನೂ ಮಾಡಿದೆ, ಕೇಳಲೂ ಇಲ್ಲ. ಆಗ ಒಬ್ಬರೂ ನನ್ನನ್ನು ಪ್ರಶ್ನಿಸಲಿಲ್ಲ.

ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಮೊದಲು ರೋಗಿಯನ್ನೇ ಮಾತಾಡಿಸುವುದನ್ನು ಆಮೇಲೆ ರೂಢಿಸಿಕೊಂಡೆ. ಅಷ್ಟು ಸಣ್ಣ ಪಾಠ ಕಲಿಯಲು ಅವಳ ಗಂಟಲು ಹಾಳುಮಾಡಿದೆ.