ಕಾಲರ್ ಪ್ರೇಮಕ್ಕನ ಹತ್ತನೇ ವರ್ಷ

ಹಳೇಕೋಟೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪ್ರೇಮಕುಮಾರಿಯವರ ಮನೆ ಜಗಲಿಯ ಮೇಲೆ ಹೊಲಿಗೆ ಮಿಷನ್ ಮಾತ್ರ ಆಗಲೇ ಕಟಕಟ ಅನ್ನುತ್ತಿದೆ. ಪಕ್ಕದ ಬೀದಿಯ ಮದುವಣಗಿತ್ತಿಯ ರವಿಕೆಗೆ ತೋಳು ಕೂಡಿಸುತ್ತಾ ಒಂದು ಕಿವಿಯನ್ನು ರಸ್ತೆಯ ಕಡೆ ಇಟ್ಟಿದ್ದಾರೆ. ವ್ಯಾನಿನ ಹಾರನ್ ಕೇಳಿದ್ದೇ ತಡ, ದಾರವನ್ನು ಹಲ್ಲಲ್ಲಿ ಕಡಿದು, ಬುತ್ತಿ ಎತ್ತಿಕೊಂಡು ಓಟ.

ವ್ಯಾನು ಹೊಳೆನರಸೀಪುರ ದಾಟಿ ಹಾಸನದ ಗಾರ್ಮೆಂಟ್ಸಿಗೆ ಹೋಗುತ್ತದೆ. ಅಲ್ಲಿ ಇವರು ಕಾಲರ್ ಪ್ರೇಮಕ್ಕ. ಗಂಟೆಗೆ ಅರವತ್ತು ಕಾಲರ್ ಟಾರ್ಗೆಟ್. ತಮ್ಮದು ಮುಗಿಸಿ ಪಕ್ಕದವರ ಬಂಡಲ್ಲಿಗೂ ಕೈಹಾಕುತ್ತಾರೆ. “ಮೂಲೆ ಚೂಪಾಗಿರ್ಬೇಕು, ಆದ್ರೆ ಕತ್ಗೆ ಚುಚ್ಬಾರ್ದು. ಅಷ್ಟೇಯ ಕೆಲ್ಸ,” ಎಂದು ನಗುತ್ತಾರೆ. ಸೇರಿದ ಹೊಸದರಲ್ಲಿ ಸೂಜಿ ಬೆರಳೊಳಕ್ಕೇ ತೂರಿತ್ತು. ಮನೆಯವರು ಕೆಲಸ ಬಿಡಿಸಿಬಿಟ್ಟಾರು ಎಂದು ಸೊಪ್ಪು ಸೋಸುವಾಗಲೂ ಆ ಬೆರಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದರಂತೆ.

ಈಚೆಗೆ ಬಸ್ ಸ್ಟಾಪಿನ ಎದುರು ಪಾಲಾಕ್ಷನವರ ಮಳಿಗೆ ಖಾಲಿಯಾಯಿತು. ಸ್ವಂತ ಟೈಲರ್ ಅಂಗಡಿ ಇವರ ಬಹುಕಾಲದ ಆಸೆ. ಅಡ್ವಾನ್ಸಿಗೆ ಇದ್ದದ್ದು ಒಂದೇ ದಾರಿ, ಪಿ.ಎಫ್. ಅದನ್ನು ಪೂರ್ತಿ ಬಿಡಿಸಿಕೊಳ್ಳಬೇಕೆಂದರೆ ಕೆಲಸ ಬಿಡಬೇಕು. ಸರ್ವಿಸು ಒಂಬತ್ತು ವರ್ಷ ತುಂಬಿದೆ. ಹತ್ತು ತುಂಬಿದರೆ ಐವತ್ತೆಂಟರಿಂದಾಚೆಗೆ ತಿಂಗಳು ತಿಂಗಳು ಪಿಂಚಣಿ. ಈಗಲೇ ಎಲ್ಲ ಬಿಡಿಸಿಕೊಂಡರೆ ಪಿಂಚಣಿಗೆ ಎಳ್ಳುನೀರು ಬಿಟ್ಟಂತೆ.

“ತಗಂಡ್ಬುಡು. ಐವತ್ತೆಂಟ ಯಾರ್ ಕಂಡವ್ರೆ?” ಅಂದರು ಗಂಡ ಕಾಂತರಾಜು.

ಮೂಲೆಯಲ್ಲಿ ಕೂತಿದ್ದ ಅತ್ತೆ ಮಲ್ಲಿಗಮ್ಮ ಸುಮ್ಮನಿರಲಿಲ್ಲ. “ನಾನ್ ಕಂಡಿವ್ನಿ ಕಣ್ಲಾ! ಅರವತ್ತೆಂಟೂ ಕಂಡಿವ್ನಿ. ಎಲೆ ಅಡ್ಕೆಗೂ ನಿನ್ ಮಕ ನೋಡ್ಕಂಡ್ ಕುಂತಿವ್ನಿ.”

ಗಾರ್ಮೆಂಟ್ಸಿನ ಹೆಂಗಸರಲ್ಲಿ ಒಂದು ವಾಡಿಕೆಯಿದೆ. ಖರ್ಚು ಬಿದ್ದಾಗ ರಾಜೀನಾಮೆ ಕೊಡುವುದು, ಪಿ.ಎಫ್. ಬಿಡಿಸಿಕೊಳ್ಳುವುದು, ಇನ್ನೊಂದು ಫ್ಯಾಕ್ಟರಿಗೆ ಹೊಸಬರಾಗಿ ಸೇರಿ ಸರ್ವಿಸನ್ನು ಮತ್ತೆ ಸೊನ್ನೆಯಿಂದ ಎಣಿಸುವುದು. ಮಾರನೇ ದಿನ ವ್ಯಾನಿನಲ್ಲಿ ಮಾತು ಎತ್ತಿದಾಗ ಪಕ್ಕದ ಸೀಟಿನ ಅನಸೂಯಮ್ಮ ಅಂದರು: “ನಾನ್ ಮೂರ್ ಸತಿ ಬಿಡಿಸ್ಕಂಡೆ ಕಣಮ್ಮಿ. ಒಂದ್ಸತಿ ವಾಲೆ, ಒಂದ್ಸತಿ ಟೀವಿ. ಇನ್ನೊಂದ್ಸತಿ ಯಾತಕ್ಕೆ ಅಂತ ನೆಪ್ಪೇ ಇಲ್ಲ!”

ವ್ಯಾನೆಲ್ಲ ಗೊಳ್ಳೆಂದಿತು. ಅನಸೂಯಮ್ಮನೂ ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿ, “ಈಗ ವಯಸ್ಸು ಐವತ್ತಾರು, ಸರ್ವಿಸು ಎಲ್ಡೇ ವರ್ಸ,” ಅಂದರು.

ಅಂದು ಸಂಜೆ ವ್ಯಾನಿನಿಂದ ಇಳಿದವರೇ ಪ್ರೇಮಕುಮಾರಿ ನೇರ ಪಾಲಾಕ್ಷನವರ ಮನೆಗೆ ಹೋಗಿ ಮಳಿಗೆ ಬೇಡವೆಂದರು. ಮನೆಗೆ ಬಂದು ಮುದ್ದೆ ತಿರುವಿದರು. “ಒಟ್ಟೆ ಉರೀತು, ಸುಳ್ಯಾಕೇಳ್ಲಿ?” ಎನ್ನುತ್ತಾರೆ.

ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತಿದೆ. ದಿನಾ ಬೆಳಿಗ್ಗೆ ಅದರ ಮುಂದೆಯೇ ವ್ಯಾನು ಹತ್ತಬೇಕು. ಹತ್ತನೇ ವರ್ಷ ಅರ್ಧ ಕಳೆದಿದೆ. ಮೊನ್ನೆ ಬಾಗಿಲಲ್ಲಿ ನಿಂತಿದ್ದ ಪಾಲಾಕ್ಷ ಕೆಣಕಿದರು: “ಏನವ್ವಾ, ಎಂಥಾ ಜಾಗ ಕಳ್ಕಂಡ್ಬುಟ್ಟೆ!”

ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಪ್ರೇಮಕುಮಾರಿ ತಿರುಗಿದರು. “ಅಂಗ್ಡಿ ಇನ್ನೊಂದ್ ಸಿಕ್ತದೆ ಪಾಲಾಕ್ಷಣ್ಣ. ನನ್ ಒಂಬತ್ ವರ್ಸವ ಯಾರ್ ಬಾಡ್ಗೆಗ್ ಕೊಟ್ಟಾರು?”